ಸಮುದ್ರಕ್ಕೆ ಬೈದ ಮಾವ

ನಮ್ಮ ಸೋದರಮಾವ ಒಂದು ಸಲ ಸಮುದ್ರವನ್ನೇ ಬೈದು ಹಿಂದಕ್ಕೆ ಕಳಿಸಿದ್ದಾರೆ! ಇಷ್ಟು ಬರೆಯುವಷ್ಟರಲ್ಲೇ ನನಗೆ ಅನುಮಾನ ಶುರುವಾಯಿತು. ನಿಜಕ್ಕೂ ಹಿಂದಕ್ಕೆ ಹೋಯಿತೇ? ಅಲೆಗಳು ಹೇಗೂ ಹಿಂದಕ್ಕೆ ಹೋಗುತ್ತವಲ್ಲ, ಸರಿಯಾಗಿ ಅದೇ ಹೊತ್ತಿಗೆ ಮಾವ ಬಾಯಿ ಬಿಟ್ಟಿದ್ದರೇ? ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುವವನು. ಕಣ್ಣಾರೆ ಕಂಡದ್ದನ್ನೂ ಅಳೆದು ನೋಡದೆ ನಂಬುವುದಿಲ್ಲ. ಆದರೆ ಆ ದಿನ ಅಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಲ್ಲಿದ್ದವರು ಮೂವರು, ನಡೆದದ್ದಕ್ಕೆ ಕಥೆಗಳೂ ಮೂರು. ನನ್ನದನ್ನು ಹೇಳುತ್ತೇನೆ. ನಂಬಿ ಎಂಬ ಒತ್ತಾಯವಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಮಾವ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯ ಕುರಿಗಾರರು. ವಯಸ್ಸು ಅರವತ್ತು ದಾಟಿದೆ. ಹೆಗಲ ಮೇಲೆ ಅಜ್ಜಿ ನೂತ ಉಣ್ಣೆಯ ಕರೀ ಕಂಬಳಿ, ಕೈಯಲ್ಲಿ ಕೋಲು. ಇವೆರಡಿಲ್ಲದೆ ಅವರನ್ನು ನೋಡಿದವರಿಲ್ಲ. ನನ್ನ ಮದುವೆಯ ಫೋಟೋದಲ್ಲೂ ಕಂಬಳಿ ಇದೆ! ಸುಡುಬಿಸಿಲಿನಲ್ಲಿ "ಇದ್ಯಾಕೆ ಮಾವ?" ಎಂದರೆ, "ಬಿಸ್ಲು ಒಳಕ್ಕೆ ಬರಬಾರದಲ್ಲೇನಲೇ" ಎನ್ನುತ್ತಾರೆ.

ಇನ್ನೊಂದು ಚಾಳಿ ಎಣಿಸುವುದು. ಎಲ್ಲಿಗೆ ಹೋದರೂ ಜೊತೆಗಿರುವವರನ್ನು ಎಣಿಸಲೇಬೇಕು. ಒಮ್ಮೆ ಹಾಲುರಾಮೇಶ್ವರಕ್ಕೆ ನೆಂಟರೆಲ್ಲ ಬಸ್ಸು ಮಾಡಿಕೊಂಡು ಹೋಗಿದ್ದೆವು. ವಾಪಸು ಹೊರಡುವಾಗ ಮಾವ ಕೋಲಿನ ತುದಿಯಿಂದ ತಲೆ ತಲೆ ಮುಟ್ಟಿ ಎಣಿಸಿ, "ಎರಡು ಜಾಸ್ತಿ ಅವೆ, ಯಾರವೋ ಸೇರ್ಕಂಡವೆ" ಎಂದು ಘೋಷಿಸಿದರು. ಒಂದು ಡ್ರೈವರು, ಇನ್ನೊಂದು ಕ್ಲೀನರು!

ಹೊಸದುರ್ಗದಲ್ಲಿ ಗ್ಯಾರೇಜು ಇಟ್ಟಿರುವ ಸಲೀಂ ನನ್ನ ಹೈಸ್ಕೂಲು ಗೆಳೆಯ. ಕಳೆದ ಡಿಸೆಂಬರಿನಲ್ಲಿ ಅವನ ತಲೆಗೆ ಸಾಹಸದ ಹುಳ ಹೊಕ್ಕಿತು. "ಶನಿವಾರ ಹೋಗಾಣ, ಭಾನುವಾರ ಬರಾಣ. ಕಾಡಲ್ಲಿ ಎರಡು ತಾಸು ಇಳುದ್ರೆ ಸೀದಾ ಸಮುದ್ರ. ಒಂದು ನರಪಿಳ್ಳೆ ಇರಲ್ಲ" ಎಂದ. ನರಪಿಳ್ಳೆ ಇಲ್ಲದ ಕಡೆ ನನಗೇನು ಕೆಲಸ? ಬೇಡ ಎನ್ನುವಷ್ಟರಲ್ಲಿ, ಕೋಲಿನ ತುದಿಗೆ ಕಬ್ಬಿಣದ ಬಳೆ ಹಾಕಿಸಲು ಗ್ಯಾರೇಜಿಗೆ ಬಂದು ಕೂತಿದ್ದ ಮಾವ ಎದ್ದು ನಿಂತರು. "ಉಪ್ಪು ಅಲ್ಲಿಂದ ಬರದಲ್ಲೇನ್ರಲೇ? ನಾನೂ ಬರ್ತೀನಿ." ಕುರಿಗಳಿಗೆ ಆಗಾಗ ಉಪ್ಪು ನೆಕ್ಕಿಸಬೇಕು. ಜೀವಮಾನವೆಲ್ಲ ಅಂಗಡಿಯಿಂದ ಹೊತ್ತು ತಂದ ಉಪ್ಪಿನ ತವರನ್ನು ಒಮ್ಮೆ ನೋಡಬೇಕೆಂಬ ಆಸೆ. ಕುರಿಗಳಿಗೆಂದು ಸಮುದ್ರವನ್ನು ತುಂಬಿ ತರಲು ಒಂದು ಖಾಲಿ ಕ್ಯಾನನ್ನೂ ಹಿಡಿದರು!

ಹೊರಡುವ ಹಿಂದಿನ ಸಂಜೆ ಅತ್ತೆ ನನ್ನನ್ನು ಬಾಗಿಲ ಮರೆಗೆ ಕರೆದರು. "ಹೆಂಗೆ ಕರ್ಕಂಡು ಹೋಗ್ತೀಯೋ ಹಂಗೇ ತಂದು ಒಪ್ಪಿಸ್ಬೇಕಪ್ಪ. ನೀರತ್ರ ಮಾತ್ರ ಬಿಡಬ್ಯಾಡ."

ಮಾವನ ಕಿವಿ ಚುರುಕು. "ಏನಂದೆ? ವರ್ಷಾ ವರ್ಷಾ ಕೆರೇಲಿ ಕುರಿ ಮೈ ತೊಳಿಯೋ ವಂಶ ನಮ್ದು! ನಮಗೆ ನೀರಿನ ಪಾಠ ಹೇಳಾಕೆ ಬಂದ್ಲು!"

ಅತ್ತೆ ರೊಟ್ಟಿ ತಟ್ಟಲು ಒಳಗೆ ಹೋದರು. ಆ ಒಂದು ವಿಷಯದಲ್ಲಿ ನಾನು ನಿಶ್ಚಿಂತನಾದೆ. ಉಳಿದ ವಿಷಯಗಳಲ್ಲಿ ನಿದ್ದೆ ಬರಲಿಲ್ಲ. ಹಾವಿಗೆ, ಜ್ವರಕ್ಕೆ, ಭೇದಿಗೆ, ರಕ್ತ ಹೀರುವ ಇಂಬಳಕ್ಕೆ ಒಂದೊಂದು ಪೊಟ್ಟಣ ಕಟ್ಟಿಕೊಂಡೆ. ಒಂದು ಇಂಬಳವೂ ಬರಲಿಲ್ಲ. ಬಹುಶಃ ನನ್ನ ಚೀಲದ ಸುದ್ದಿ ಮುಟ್ಟಿರಬೇಕು.

ಇನ್ನೂ ಕತ್ತಲಿರುವಾಗಲೇ ಸಲೀಮನ ಗಾಡಿಯಲ್ಲಿ ಹೊರಟು ಘಟ್ಟದ ಕಾಡು ಸೇರಿದೆವು. ಅಲ್ಲಿ ಮಾವ ಹೆದರಿದ್ದು ಹುಲಿಗಲ್ಲ, ಮರಗಳಿಗೆ. ನಮ್ಮ ಬಯಲಿನಲ್ಲಿ ನಿಂತರೆ ಮೂರೂರಾಚೆಯ ಗುಡ್ಡ ಕಾಣುತ್ತದೆ. ಈ ಕಾಡಿನಲ್ಲಿ ಮೂರು ಮಾರು ಮುಂದಿದ್ದ ಸಲೀಮನ ಬೆನ್ನೂ ಕಾಣುತ್ತಿರಲಿಲ್ಲ. "ದೂರ ಅನ್ನೋದೇ ಇಲ್ಲಲ್ಲೋ ಇಲ್ಲಿ! ಕುರಿ ತಪ್ಪುಸ್ಕಂಡ್ರೆ ಹೆಂಗೆ ಹುಡುಕ್ತಾರೋ" ಎಂದು ಗೊಣಗುತ್ತ, ಹತ್ತು ಹೆಜ್ಜೆಗೊಮ್ಮೆ ನಮ್ಮ ತಲೆಗಳನ್ನು ಕೋಲಿನಿಂದ ಮುಟ್ಟಿದರು. ಇದ್ದದ್ದೇ ಎರಡು ತಲೆ!

"ಮಾವಾರೆ, ನನ್ನ ತಲೆ ತೂತು ಬೀಳ್ತೈತೆ" ಎಂದ ಸಲೀಂ.

"ಬೀಳ್ಲಿ. ತೂತು ಬಿದ್ರೆ ಗುರುತು ಹಿಡಿಯಾಕೆ ಸಲೀಸು."

ಮಧ್ಯಾಹ್ನಕ್ಕೆ ಕಾಡು ಒಮ್ಮೆಲೇ ಮುಗಿದು ಮರಳು ಬಂತು, ಮರಳಿನಾಚೆ ಸಮುದ್ರ. ಮಾವ ಬೆರಳು ಅದ್ದಿ ನೆಕ್ಕಿದರು. "ಯಾರಲೇ ಇಷ್ಟೊಂದು ಹಾಕಿರೋದು?" ಎಂದು ಉಗಿದರು. ಆದರೂ ಕ್ಯಾನು ತುಂಬಿಸಿಕೊಂಡರು.

ನೀರು ಆಗಲೇ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಸಮುದ್ರದ ನಡುವಿದ್ದ ಬಂಡೆಗೆ ಮರಳಿನ ದಾರಿಯೇ ತೆರೆದುಕೊಂಡಿತು. ಮಾವನ ಮುಖ ಅರಳಿತು. ಕೆರೆ ಬತ್ತಿ ಅಂಗಳ ಬಿದ್ದರೆ ಅಲ್ಲಿ ಕುರಿ ಮೇಯಿಸಿ ಬೆಳೆದ ಜೀವ! ಬಂಡೆಯವರೆಗೂ ನಡೆದು, ಬೆವರಿಗೆ ತೊಯ್ದಿದ್ದ ಕಂಬಳಿಯನ್ನು ಅದರ ಮೇಲೆ ಹರವಿ ಬಂದರು.

"ಮಾವ, ನೀರು ತಿರುಗಿ ಬರುತ್ತೆ. ಕಂಬಳಿ ತಗಂಡು ಬರ್ರಿ."

"ಇಳುದ್ ನೀರು ಹೆಂಗಲೇ ಬರ್ತೈತೆ? ಇನ್ನು ಮುಂಗಾರಿಗೇ."

"ಚಂದ್ರ ಎಳೀತಾನೆ ಮಾವ."

ಮಾವ ಆಕಾಶ ನೋಡಿದರು. ನೆತ್ತಿಯ ಮೇಲೆ ಸೂರ್ಯನಿದ್ದ. "ಚಂದ್ರ ಎಲ್ಲವ್ನೆ? ಹಗ್ಗ ಎಲ್ಲೈತೆ?"

ಸಲೀಂ ಬಿದ್ದು ಬಿದ್ದು ನಕ್ಕ. ನೀರು ಯಾವಾಗ ಏರುತ್ತದೆಂಬ ಪಟ್ಟಿ ನನ್ನ ಮೊಬೈಲಿನಲ್ಲಿ ಸಿಗುತ್ತಿತ್ತು, ಅಲ್ಲಿ ನೆಟ್‌ವರ್ಕೇ ಇರಲಿಲ್ಲ. ನಾವು ಕಾಡಿನಂಚಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ತಿಂದು, ಮಾತಾಡಿ, ಒಂದು ಜೊಂಪು ತೆಗೆದು ಏಳುವಷ್ಟರಲ್ಲಿ ಮರಳಿನ ದಾರಿಯ ಮೇಲೆ ತೆಳ್ಳಗೆ ನೀರು ಹರಿಯುತ್ತಿತ್ತು. ಮಾವ ಎದ್ದು ನಿಂತು ಕಂಬಳಿಯನ್ನೇ ನೋಡುತ್ತಿದ್ದರು. ಇವರು ನೀರಿಗಿಳಿದರೆ ಅತ್ತೆಗೆ ಏನು ಹೇಳಲಿ?

ಅದಕ್ಕೇ ನಾನು ಓಡಿದೆ. ಅಥವಾ ಚಂದ್ರನ ಪಾಠ ಹೇಳಿಯೂ ನಗೆಪಾಟಲಾದ ಸಿಟ್ಟಿಗೆ ಓಡಿದೆನೋ? ಈಗ ಹೇಳಲಾರೆ. ಹೋಗುವಾಗ ನೀರು ಪಾದ ಮುಳುಗುವಷ್ಟಿತ್ತು. ಕಂಬಳಿ ಹೆಗಲಿಗೆ ಹಾಕಿಕೊಂಡು ತಿರುಗಿದರೆ ದಾರಿಯೇ ಇಲ್ಲ! ಎರಡೂ ಕಡೆಯಿಂದ ಬಂದ ಅಲೆಗಳು ನಡುವೆ ಡಿಕ್ಕಿ ಹೊಡೆಯುತ್ತಿದ್ದವು. ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಈಜು ಕಲಿತವನು ನಾನು. ಆದರೆ ಆ ಕೊಳಕ್ಕೆ ನಾಲ್ಕು ಗೋಡೆಗಳಿದ್ದವು. ಬಂಡೆಯ ಮೇಲೆ ಕುಕ್ಕರಿಸಿದೆ. ಒಂದು ಅಲೆ ಸೊಂಟದವರೆಗೆ ಬಂದು ಕಂಬಳಿಯನ್ನು ಜಗ್ಗಿತು. ನೆನೆದ ಕಂಬಳಿ ಒಂದು ಕುರಿಯಷ್ಟು ಭಾರ!

ಸಲೀಂ ಹಗ್ಗಕ್ಕೆಂದು ಚೀಲದ ಕಡೆ ಓಡುತ್ತಿದ್ದ. ಆಗ ಕೇಳಿಸಿತು: "ಹುರ್ರ್! ಹಚಾ! ಹಿಂದಕ್ಕೆ! ಹಿಂದಕ್ಕೋಗಲೇ, ನಿನ್ನ ಮನೆ ಹಾಳಾಗ!"

ಪರರ ಹೊಲಕ್ಕೆ ನುಗ್ಗಿದ ಕುರಿಗಳನ್ನು ತಿರುಗಿಸುವ ಕೂಗು ಅದು. ಮಾವ ಕೋಲನ್ನು ಮುಂದೆ ಊರುತ್ತ, ಊರಿದ ಮೇಲೇ ಹೆಜ್ಜೆ ಇಡುತ್ತ, ಸಮುದ್ರವನ್ನು ಎಡಕ್ಕೂ ಬಲಕ್ಕೂ ಗದರುತ್ತ ಬರುತ್ತಿದ್ದರು. ಅಲೆ ಹಿಂದೆ ಸರಿಯಿತು. ಸರಿದದ್ದನ್ನು ನಾನು ನೋಡಿದೆ!

"ಕೋಲು ಹಿಡ್ಕಳಲೇ ಅಳಿಯ!"

"ಕಂಬಳಿ, ಮಾವ..."

"ಬಿಡಲೇ ಅದನ್ನ! ಬಿಡು ಅಂದ್ನಲ್ಲ!"

ಬಿಟ್ಟೆ. ಅಜ್ಜಿ ನೂತ ಉಣ್ಣೆ ಕಪ್ಪಗೆ ತೇಲುತ್ತ ಹೋಯಿತು. ಕೋಲಿನ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಮಾವ. ದಡ ಮುಟ್ಟಿದ ಮೇಲೆ ಮಾವ ನನ್ನ ತಲೆ ಮುಟ್ಟಿದರು, ಸಲೀಮನ ತಲೆ ಮುಟ್ಟಿದರು, ಮತ್ತೆ ನನ್ನ ತಲೆ, ಮತ್ತೆ ಸಲೀಮನದು. ಎಷ್ಟು ಸಲ ಎಣಿಸಿದರೋ! ಆ ದಿನ ಸಲೀಂ ತಲೆ ತೂತಿನ ಮಾತೆತ್ತಲಿಲ್ಲ.

ನೀರು ಎಷ್ಟಿತ್ತು? ಮಾವನ ಎದೆಯವರೆಗೆ ಎನ್ನುತ್ತೇನೆ ನಾನು. ಸಲೀಂ ಸೊಂಟ ಎನ್ನುತ್ತಾನೆ, ಅವನು ನೋಡಿದ್ದು ಬೆನ್ನನ್ನು ಮಾತ್ರ. ಮಾವನನ್ನು ಕೇಳಿದರೆ, "ಎಲ್ಲಿ ನೀರು? ಪಾದ ತೊಯ್ದಿರಲಿಲ್ಲ." ಕಂಬಳಿ ಎಲ್ಲಿ ಎಂದು ಊರಿನವರು ಕೇಳಿದ್ದಕ್ಕೆ, "ಸಮುದ್ರಕ್ಕೆ ಚಳಿ ಆಗಿತ್ತು, ಹೊದಿಸಿ ಬಂದೆ" ಎಂದರಂತೆ. ಅತ್ತೆಗೆ ನಾವು ಮೂವರೂ ಏನೂ ಹೇಳಲಿಲ್ಲ.

ಮೊನ್ನೆ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಲು ಕೆರೆಗೆ ಇಳಿಸಿದ್ದರು. ನಾನೂ ಹೋಗಿದ್ದೆ. ಮಾವನ ಅಣ್ಣ, ನಮ್ಮ ದೊಡ್ಡಮಾವ, ಮತ್ತವರ ಮಕ್ಕಳು ಕತ್ತಿನವರೆಗಿನ ನೀರಿನಲ್ಲಿದ್ದರು. ನಮ್ಮ ಮಾವ, ಹೊಸ ಕಂಬಳಿ ಹೊದ್ದು, ಕೆರೆ ಏರಿಯ ಮೇಲೆ ನಿಂತು ಎಣಿಸುತ್ತಿದ್ದರು.

"ಮಾವ ಯಾಕೆ ಇಳಿದಿಲ್ಲ?" ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಹೇಳಿದ್ದನ್ನು ನಂಬದೆ, ಒದ್ದೆ ಮೈಯಲ್ಲಿ ಮೇಲೆ ಬಂದ ದೊಡ್ಡಮಾವನನ್ನೂ ಕೇಳಿದೆ. ಇಬ್ಬರದೂ ಒಂದೇ ಮಾತು. ಈ ಕಥೆಯಲ್ಲಿ ನಾನು ವಿಚಾರಿಸಿ ಖಚಿತಪಡಿಸಿಕೊಂಡಿರುವುದು ಇದೊಂದನ್ನೇ: ನಮ್ಮ ಮಾವನಿಗೆ ಈಜು ಬರುವುದಿಲ್ಲ.