ಆರು ವೈರುಗಳಿಗೆ ಭಂಡಾರ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಒಂದು ಬಗೆಯ ಜಂಬವಿದೆ. ಉದಗೀರದ ಕಾಲೇಜೊಂದರಲ್ಲಿ ನಿವೃತ್ತಿಯಾಗುವವರೆಗೂ ಮನಃಶಾಸ್ತ್ರ ಕಲಿಸಿದವನು ನಾನು. ನೆನಪೆಂಬುದು ಕಪಾಟಿನಲ್ಲಿಟ್ಟ ಫೋಟೋ ಅಲ್ಲ, ಪ್ರತಿಸಲವೂ ನಾವೇ ಹೊಸದಾಗಿ ಬಿಡಿಸಿಕೊಳ್ಳುವ ಚಿತ್ರ ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ಅದನ್ನು ಬರೆದುಕೊಂಡು ಪರೀಕ್ಷೆಯ ಹೊತ್ತಿಗೆ ಮರೆಯುತ್ತಿದ್ದರು. ಸಿದ್ಧಾಂತಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆದರೆ ಎಲ್ಲರ ನೆನಪೂ ಸುಳ್ಳು ಹೇಳುತ್ತದೆ ಎಂದು ಪಾಠ ಮಾಡುವಾಗ ಆ ಎಲ್ಲರಲ್ಲಿ ನಾನೂ ಒಬ್ಬನೆಂದು ಮನಸ್ಸು ಒಳಗೊಳಗೆ ಒಪ್ಪುವುದಿಲ್ಲ. ಒಪ್ಪಿಸುವುದಕ್ಕೆ ಒಂದು ಅಮೆರಿಕದ ಕಾರೇ ಬೇಕಾಯಿತು.

ಕಾರು ನನ್ನ ಅಜ್ಜನದು. ಉದಗೀರದ ಯಾರೋ ಜಾಗೀರದಾರರಿಂದ ಅಜ್ಜ ಅದನ್ನು ಕೊಂಡರೆಂದು ನಾನು ಹೇಳುತ್ತೇನೆ. ನಿಲಂಗಾದ ಒಬ್ಬ ವಕೀಲರಿಂದ ಎಂದು ಹೋದ ವರ್ಷ ನಾನೇ ಹೇಳಿದ್ದೆನಂತೆ. ಯಾರದ್ದಾದರೂ ಇರಲಿ, ಹದಿನೇಳು ಅಡಿ ಉದ್ದ, ಪಾಚಿಯ ಬಣ್ಣ, ಮುಂದುಗಡೆ ಹಲ್ಲು ಕಿಸಿದಂತೆ ಹೊಳೆಯುವ ಜಾಲರಿ. ಉಮರಗಾದಿಂದ ಮುರುಮಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಹೊಲದ ಮನೆಯ ತಗಡಿನ ಶೆಡ್ಡಿನಲ್ಲಿ ಅದು ಮೂವತ್ತು ವರ್ಷದಿಂದ ಸಂಸಾರ ಹೂಡಿದೆ. ನಿವೃತ್ತಿಯಾದ ಮೇಲೆ ಅದನ್ನು ಓಡಿಸಿಯೇ ತೀರುತ್ತೇನೆಂದು ಹೊರಟೆ. ಇಂಟರ್ನೆಟ್ಟಿನಲ್ಲಿ ಅಮೆರಿಕದ ಮುದುಕರು ಇಂಥ ಇಂಜಿನ್ನನ್ನು ಸಿಳ್ಳೆ ಹಾಕುತ್ತ ಬಿಚ್ಚಿ ಜೋಡಿಸುತ್ತಾರೆ. ನನಗೆ ಬಿಚ್ಚುವುದು ಬಂದಿತು. ಸಿಳ್ಳೆಯೂ ಬಂದಿತು.

ನಮ್ಮ ಮನೆಯಲ್ಲಿ ಒಕ್ಕಲುತನ ನನ್ನ ಹೆಂಡತಿ ಮಹಾನಂದಾಳದು, ಸಂದೇಹ ನನ್ನದು. ದಸರೆಗೆ ನಾಲ್ಕು ದಿನ ಇರುವಾಗ ಆಕೆ ಶೆಡ್ಡಿನ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

"ಹಬ್ಬ ಆದ ಶುಕ್ರವಾರ ಸೋಯಾಬೀನ್ ರಾಶಿಗಿ ಮಷಿನ್ ಬರ್ತದ್ರಿ. ಚೀಲಾ ಎಲ್ಲಾ ಈ ಶೆಡ್ಡಿನ್ಯಾಗ ಇಡಬೇಕು. ನಿಮ್ಮ ಗಾಡಿ ತಾನಾಗೇ ಚಾಲೂ ಆಗಿ ಹೊರಗ ಬಂತಂದ್ರ ಬೇವಿನ ಗಿಡದ ಬುಡಕ ಇರ್ಲಿ. ಇಲ್ಲಾಂದ್ರ ಭಂಗಾರದಂವಗ ಫೋನ್ ಮಾಡ್ತೀನಿ."

ಭಂಗಾರದವನೆಂದರೆ ಹಳೆ ಕಬ್ಬಿಣ ಕೊಳ್ಳುವವನು. ಅಜ್ಜನ ಕಾರು ಅವನ ತಕ್ಕಡಿಗೆ ತುಂಡುತುಂಡಾಗಿ ಏರುವ ದೃಶ್ಯ ಕಣ್ಣಿಗೆ ಕಟ್ಟಿತು. "ನಾಕು ಮಂದಿ ಸೇರಿ ನೂಕಿದ್ರ ಆಗಲ್ಲೇನ?" ಎಂದೆ.

"ನಾಕು ಮಂದಿ ಸೇರಿ ಹೊರಗ ತರೋದು ಹೆಣಾರಿ, ಗಾಡಿ ಅಲ್ಲ" ಎಂದು ಆಕೆ ಹೋದಳು.

ಇನ್ನು ಆ ವೈರುಗಳ ವಿಷಯ. ಈ ಇಂಜಿನ್ನಿನ ತಲೆಯ ಮೇಲೆ ಸಾಲಾಗಿ ಆರು ಪ್ಲಗ್ಗುಗಳಿವೆ. ಪಕ್ಕದಲ್ಲಿ ಬಟ್ಟಲು ಬೋರಲು ಹಾಕಿದಂಥ ಒಂದು ಕರಿ ಮುಚ್ಚಳ. ಮುಚ್ಚಳದ ಸುತ್ತ ಆರು ತೂತು, ತೂತಿಗೊಂದು ವೈರು, ವೈರಿಗೊಂದು ಪ್ಲಗ್ಗು. ಯಾವ ತೂತಿನಿಂದ ಯಾವ ಪ್ಲಗ್ಗಿಗೆ ಎಂಬುದು ತಪ್ಪಿದರೆ ಇಂಜಿನ್ನು ನಡೆಯುವುದಿಲ್ಲ, ಬರೀ ಸಿಡಿಯುತ್ತದೆ. ಒರೆಸಿ ಹಾಕೋಣವೆಂದು ನಾನು ಆರನ್ನೂ ಒಟ್ಟಿಗೆ ಕೀಳಲು ಕೈ ಹಾಕಿದಾಗ ಮಾಳಪ್ಪ ಕಾಕಾ ತಡೆದರು. ಕುರುಬರ ದೇವರು ಬೀರಪ್ಪನ ಒಕ್ಕಲಿನ ಹಿರಿಯ ಅವರು. ವರ್ಷವೂ ಈ ದಿನಗಳಲ್ಲಿ ರಾತ್ರಿ ಹೊತ್ತು ಕುರಿಗಳನ್ನು ನಮ್ಮ ಹೊಲದಲ್ಲೇ ತರುಬುತ್ತಾರೆ.

"ಮಾಸ್ತರ್ರ, ಮೊದಲ ಗುರ್ತು ಹಾಕ್ರಿ. ಕುರಿ ಬ್ಯಾರೆ ಹಿಂಡಿನಾಗ ಕಲೀತಂದ್ರ ನಮಗೂ ಗುರ್ತೇ ಗತಿ."

"ನೀವು ಮಾರಿ ನೋಡೇ ಗುರ್ತು ಹಿಡೀತೀರಲ್ಲ ಕಾಕಾ?"

"ಕುರಿಗಿ ಮಾರಿ ಅದರಿ. ವೈರಿಗಿ ಎಲ್ಲದ?"

ಗುರುತು ಹಾಕಲು ಏನಾದರೂ ಇದೆಯೇ ಎಂದು ಶೆಡ್ಡೆಲ್ಲ ತಡಕಾಡಿದೆ. ಸುಣ್ಣವಾಗಲಿ ಬೋರ್ಡಿಗೆ ಬರೆಯುವ ಖಡುವಾಗಲಿ ಕೈಗೆ ಸಿಗಲಿಲ್ಲ. ಕಾಕಾ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ, ಅಂದರೆ ಅವರು ದೇವರ ಹೆಸರಿನಲ್ಲಿ ಹಣೆಗೆ ಹಚ್ಚುವ ಅರಿಶಿನದ ಪುಡಿ, ತೆಗೆದು ಕೊಟ್ಟರು. ವಿಜ್ಞಾನದ ಕಣ್ಣಿಗೆ ಅರಿಶಿನವೂ ಒಂದು ಬಣ್ಣವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಎಣ್ಣೆಯಲ್ಲಿ ಕಲಸಿ ಮೊದಲನೆಯ ವೈರಿಗೂ ಅದರ ತೂತಿಗೂ ಒಂದೊಂದು ಗೆರೆ, ಎರಡನೆಯದಕ್ಕೆ ಎರಡೆರಡು, ಹೀಗೆ ಆರರ ತನಕ ಎಳೆದೆ. ಕರಿ ರಬ್ಬರಿನ ಮೇಲೆ ಹಳದಿ ಗೆರೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಈ ಉಪಾಯ ಅಮೆರಿಕದ ಮುದುಕರಿಗೂ ಹೊಳೆದಿಲ್ಲವಲ್ಲ ಎಂದು ಬೀಗಿದೆ.

ಎರಡು ದಿನಕ್ಕೆ ಖಂಡೇನವಮಿ ಬಂತು. ಅಂದು ನಮ್ಮ ಕಡೆ ಕುಡಗೋಲಿನಿಂದ ಹಿಡಿದು ನೀರಿನ ಪಂಪಿನವರೆಗೆ ದುಡಿಯುವ ಪ್ರತಿಯೊಂದಕ್ಕೂ ಪೂಜೆ. ಕಂಬಳಿಯ ಮೇಲೆ ಸನಿಕೆ, ನಟ್ಟು ತಿರುಗಿಸುವ ಪಾನಾ, ಇಕ್ಕಳಗಳ ಜೊತೆ ನಾನು ಬಿಚ್ಚಿಟ್ಟ ಮುಚ್ಚಳ, ವೈರುಗಳೂ ಕುಳಿತವು. ಹಬ್ಬ ಮುಗಿಸಿ ಜೋಡಿಸಲು ಹೋಗಿ ನೋಡುತ್ತೇನೆ, ಆರು ವೈರುಗಳೂ ಈ ತುದಿಯಿಂದ ಆ ತುದಿಯವರೆಗೆ ಹಳದಿ! ಮುಚ್ಚಳವಂತೂ ಬೂಂದಿ ಲಾಡಿನಂತೆ ಕುಳಿತಿತ್ತು. ಪೂಜೆ ಮಾಡಿದವರು ಒಂದನ್ನೂ ಬಿಡದೆ ಎಲ್ಲಕ್ಕೂ ಸಮನಾಗಿ ಭಂಡಾರ ಬಳಿದಿದ್ದರು. ನನ್ನ ಗೆರೆಗಳು ಆ ಭಕ್ತಿಯಲ್ಲಿ ಮುಳುಗಿಹೋಗಿದ್ದವು.

ನಿಲಂಗಾದ ಮೆಕ್ಯಾನಿಕ್ ಒಬ್ಬನಿಗೆ ಫೋನ್ ಮಾಡಿದೆ. ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂದು ಪ್ಲಗ್ಗುಗಳಿಗೆ ಕಿಡಿ ಹೋಗುವ ಸರದಿ ಹೇಳಿದ. "ಒಂದನೇದು ಯಾವ ತೂತಪ್ಪಾ? ಎಡಕ್ಕ ಎಣಿಸಬೇಕೋ ಬಲಕ್ಕೋ?" ಎಂದೆ. "ಅದು ಗಾಡಿ ನೋಡೇ ಹೇಳಬೇಕ್ರಿ ಸರ್. ಬಿಚ್ಚೋ ಮುಂದ ಗುರ್ತು ಹಾಕಿಲ್ಲೇನು?" ಎಂದು ಅವನೂ ಅದನ್ನೇ ಕೇಳಿದ. ಲೆಕ್ಕ ಹಾಕಿದೆ: ಆರು ತೂತು, ಎರಡು ದಿಕ್ಕು, ಒಟ್ಟು ಹನ್ನೆರಡು ಬಗೆ. ಹನ್ನೆರಡು ತಾನೇ! ಆದರೆ ಏಳನೆಯದು ಮುಗಿಯಿತೋ, ಇನ್ನೂ ಆರನೆಯದೇ ನಡೆದಿದೆಯೋ ಎಂಬುದು ನಡುವೆ ಮರೆತುಹೋಯಿತು. ಬರೆದಿಟ್ಟುಕೊಳ್ಳುವಷ್ಟು ವಿನಯ ನನಗಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಪ್ರತಿಸಲವೂ ಸೈಲೆನ್ಸರ್ ಢಮಾರ್ ಎನ್ನುತ್ತಿತ್ತು, ಕುರಿಗಳು ಬೇಲಿ ಹಾರುತ್ತಿದ್ದವು. "ಮಾಸ್ತರ್ರ, ಇನ್ನೊಂದು ಸಲ ಹೊಡದ್ರ ನಮ್ಮ ಗಬ್ಬದ ಕುರಿ ಇಲ್ಲೇ ಈಯ್ತಾವ ನೋಡ್ರಿ!" ಎಂದು ಕಾಕಾ ಕೂಗಿಕೊಂಡರು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯಲ್ಲಿ ಉಳಿದದ್ದು ಒಂದೇ ಉಸಿರು.

ನನಗೆ ತಡೆಯಲಾಗಲಿಲ್ಲ. ಅಡಿಗೆ ಮನೆಗೆ ಹೋಗಿ ಕೂಗಾಡಿದೆ. "ನಿನ್ನ ಪೂಜಿ ಮಾಡಿದ ಕೆಲಸ ಇದು! ಅಂದು ನಾ ಮೂಲ್ಯಾಗ ಕೈ ಕಟ್ಟಿ ನಿಂತು, ಇದೆಲ್ಲಾ ಮೂಢನಂಬಿಕೆ ಅಂತ ಹೇಳಲಿಲ್ಲೇನು?"

ಮಹಾನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ಹೋದ ವರ್ಷರಿ" ಎಂದಳು. "ಈ ಸಲ ನನಗ ಕೈ ಹಚ್ಚಾಕೂ ಬಿಡಲಿಲ್ಲ ನೀವು. ಫೋನ್ ತಗೊಂಡು ನೋಡ್ರಿ, ನಮ್ಮ ಅಕ್ಕಗೋಳಿಗಿ ಫೋಟೋ ಕಳಿಸೀನಿ."

ನೋಡಿದೆ. ಎರಡನೆಯ ಫೋಟೋದಲ್ಲಿ ಒಬ್ಬ ಮನುಷ್ಯ ಮೂರು ಬೆರಳು ವಿಭೂತಿ ಧರಿಸಿ, ಅದರ ಮೇಲೆ ಭಂಡಾರವನ್ನೂ ಹಚ್ಚಿಕೊಂಡು, ಕಣ್ಣು ಅರೆಮುಚ್ಚಿ, ಮೂರನೆಯ ವೈರಿಗೆ ಎರಡೂ ಕೈಯಿಂದ ಅರಿಶಿನ ತಿಕ್ಕುತ್ತಿದ್ದ.

"ಯಾರಿಂವಾ?"

"ನಿಮ್ದೇ ಮಾರಿ. ಅದಕ್ಕೂ ಗುರ್ತು ಹಾಕಬೇಕೇನು?"

ಇಷ್ಟು ವರ್ಷದ ನನ್ನ ಪಾಠವೆಲ್ಲ ಆ ಒಂದು ಫೋಟೋದಲ್ಲಿತ್ತು. ನಾಚಿಕೆಯಿಂದ ಹಿಂದಿನದಕ್ಕೆ ಸರಿಸಿದೆ. ಅದು ಪೂಜೆಗೆ ಮುಂಚೆ ತೆಗೆದದ್ದು. ಕಂಬಳಿಯ ಮೇಲೆ ಮುಚ್ಚಳ, ಅದರ ಆರು ತೂತುಗಳ ಪಕ್ಕದಲ್ಲಿ ನನ್ನ ಗೆರೆಗಳು, ಒಂದರಿಂದ ಆರರವರೆಗೆ, ಸ್ಪಷ್ಟವಾಗಿ! ಕೂಗಾಡಿದ್ದಕ್ಕೆ ಕ್ಷಮೆ ಕೇಳುವುದನ್ನೂ ಮರೆತು ಫೋನ್ ಹಿಡಿದು ಶೆಡ್ಡಿಗೆ ಓಡಿದೆ.

ಶುಕ್ರವಾರ ಬೆಳಿಗ್ಗೆ ರಾಶಿ ಮಷಿನ್ನಿನ ಸದ್ದು ದಾರಿಯಲ್ಲಿ ಕೇಳಿಸುವಾಗ ನಾನು ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಿದೆ. ಇಂಜಿನ್ನು ಕೆಮ್ಮಿತು, ನಡುಗಿತು, ಆಮೇಲೆ ಮುದುಕ ಎಲೆಯಡಿಕೆ ಜಗಿಯುವ ಲಯದಲ್ಲಿ ನಡೆಯತೊಡಗಿತು. ಬಿಳಿ ಹೊಗೆ ಕಾರುತ್ತ ಕಾರು ತಾನಾಗಿಯೇ ಹೊರಬಂದು ಬೇವಿನ ಗಿಡದ ಕೆಳಗೆ ನಿಂತಿತು. ಮಹಾನಂದಾ ಒಮ್ಮೆ ಕಾರನ್ನು, ಒಮ್ಮೆ ಖಾಲಿ ಶೆಡ್ಡನ್ನು ನೋಡಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಶಿಯ ಕಡೆ ನಡೆದಳು. ಭಂಗಾರದವನ ಗಂಡಾಂತರ ಕಳೆಯಿತು.

"ಭಂಡಾರ ಹಚ್ಚಿದ್ದಕ್ಕ ಚಾಲೂ ಆತು" ಎಂದರು ಮಾಳಪ್ಪ ಕಾಕಾ. ವೈರುಗಳು ತಂತಮ್ಮ ಜಾಗದಲ್ಲಿ ಕುಳಿತದ್ದಕ್ಕೆ ಮಾತ್ರ ಚಾಲೂ ಆಯಿತು, ಬೇರೆ ಯಾವ ಕಾರಣವೂ ಇಲ್ಲ ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಕಾಕಾ ತಾಳ್ಮೆಯಿಂದ ಕೇಳಿದರು. ಕೀಲಿ ತಿರುಗಿಸುವ ಮೊದಲು ನಾನು ಕಣ್ಣು ಮುಚ್ಚಿ ಎರಡು ಸಲ ಬೀರಪ್ಪನ ಹೆಸರು ಹೇಳಿದೆನೆಂದು ಆಮೇಲೆ ಎಲ್ಲರೆದುರು ಸಾರಿದರು. ನನಗಂತೂ ಅಂಥದ್ದೇನೂ ನೆನಪಿಲ್ಲ. ಪುಣ್ಯಕ್ಕೆ ಫೋಟೋವನ್ನೂ ಯಾರೂ ತೆಗೆದಿಲ್ಲ.