ಹದಿನಾರು ಕೋರಿನ ಯಜಮಾನ

ನಾನು ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಇಷ್ಟು ಹೇಳಿದ ಮೇಲೆ ನನಗೆ ಕಂಪ್ಯೂಟರ್ ಗೊತ್ತೇ ಎಂದು ಯಾರೂ ಕೇಳಬಾರದು. ಮನೆಯ ಮಿಕ್ಸಿಯನ್ನು ನಾನೇ ರಿಪೇರಿ ಮಾಡಿದ್ದೇನೆ. ಅದು ಈಗ ಉಲ್ಟಾ ತಿರುಗುತ್ತದೆ. ಆದರೆ ತಿರುಗುತ್ತದೆ! ಹೀಗಿರುವಾಗ ಬೇಸಿಗೆ ರಜೆಯ ಒಂದು ಸೋಮವಾರ ನನ್ನ ಹೆಂಡತಿ ಪದ್ಮ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ರೀ, ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಬೇಕು" ಎಂದಾಗ, ಒಂದು ಕ್ಷಣವೂ ಯೋಚಿಸದೆ "ಅದನ್ನ ನಂಗೆ ಬಿಡು" ಎಂದೆ. ಯೋಚಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಪದ್ಮ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ ಟೀಚರು. ಫೋನಿನಲ್ಲಿ ವಿಡಿಯೋ ನೋಡಿ ನೋಡಿಯೇ ಅನಿಮೇಷನ್ ಕಲಿತವಳು. ಎಂಟು ತಿಂಗಳು ಕೂತು ಮೂರು ನಿಮಿಷದ ಒಂದು ಸಿನಿಮಾ ಮಾಡಿದ್ದಳು. ನಾಲೆ ದಾಟಲು ಸುತರಾಂ ಒಪ್ಪದ ಒಂದು ಎಮ್ಮೆಯ ಕಥೆ. ಎಮ್ಮೆಯ ಮೈಮೇಲಿನ ಒಂದೊಂದು ಕೂದಲೂ ಗಾಳಿಗೆ ಅಲ್ಲಾಡಬೇಕು, ನಾಲೆಯ ನೀರಿನಲ್ಲಿ ಅದರ ಮುಖ ಕಾಣಬೇಕು ಎಂದು ಅವಳ ಹಟ. ಮುಂದಿನ ಭಾನುವಾರ ಮಳವಳ್ಳಿಯಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ. ಅಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದಳು.

ತೊಂದರೆ ಒಂದೇ. ಬೆಳಕು, ನೆರಳು, ಬಣ್ಣವನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರು ಒಂದೊಂದೇ ಚಿತ್ರವನ್ನು ಪೂರ್ತಿ ಮಾಡಿ ಕೊಡಬೇಕು. ಅದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಮೂರು ನಿಮಿಷದ ಸಿನಿಮಾಕ್ಕೆ ನಾಲ್ಕು ಸಾವಿರದ ಮೇಲೆ ಚಿತ್ರಗಳು. ನಮ್ಮ ಹಳೆಯ ಕಂಪ್ಯೂಟರು ಒಂದು ಚಿತ್ರಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಎಮ್ಮೆ ನಾಲೆ ದಾಟುವ ಹೊತ್ತಿಗೆ ಒಂದು ತಿಂಗಳು. ನಮಗಿದ್ದದ್ದು ಆರು ದಿನ!

ಅಂದೇ ನಾನು ಅಧ್ಯಯನಕ್ಕೆ ಕೂತೆ. ನೋಟ್‌ಬುಕ್ ತೆಗೆದು ಎರಡು ಬಣ್ಣದ ಪೆನ್ನಿನಲ್ಲಿ ಪಟ್ಟಿ ಮಾಡಿದೆ. ಯಾವ ಪ್ರೊಸೆಸರ್ ಹೆಚ್ಚು ವೇಗವೋ ಅದನ್ನೇ ತರುವುದೆಂದು ತೀರ್ಮಾನಿಸಿ ಅಡಿಗೆರೆಯನ್ನೂ ಎಳೆದೆ. ಪದ್ಮ ಇಣುಕಿ ನೋಡಿದಳು.

"ವೇಗ ಒಂದೇ ಸಾಲ್ದು ರೀ. ರೆಂಡರಿಂಗಿಗೆ ಕೋರು ಜಾಸ್ತಿ ಇರ್ಬೇಕು. ಒಂದೊಂದು ಕೋರೂ ಚಿತ್ರದ ಒಂದೊಂದು ತುಂಡು ಹಿಡ್ಕೊಂಡು ಕೆಲ್ಸ ಮಾಡ್ತದೆ. ಹದಿನಾರು ಕೋರಿಂದು ತಗೊಂಡ್ಬನ್ನಿ."

ಮೂಲೆಯಲ್ಲಿ ಮೊರದ ತುಂಬ ಅಕ್ಕಿ ಆರಿಸುತ್ತಿದ್ದ ನಮ್ಮವ್ವ ತಲೆಯೆತ್ತಿದಳು.

"ಅದಿನಾರು ಕೋರೇ? ಯಾರ್ಲಾ ಮಗ ಅವ್ರು, ಅದಿನಾರ್ ಜನ?"

ನಮ್ಮ ಕಡೆ ಕೋರು ಎಂದರೆ ಬೇಸಾಯದ ಪಾಲು. ಜಮೀನು ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆದದ್ದು ಅರ್ಧರ್ಧ. ಕೊಪ್ಪದಲ್ಲಿರುವ ನಮ್ಮ ಗದ್ದೆಯನ್ನು ಅವ್ವ ಇಪ್ಪತ್ತು ವರ್ಷದಿಂದ ಕೋರಿಗೆ ಕೊಟ್ಟು ಮಾಡಿಸುತ್ತಿದ್ದಾಳೆ. ಆ ವಿಷಯದಲ್ಲಿ ಅವಳು ವಕೀಲರಿಗೇ ಬುದ್ಧಿ ಹೇಳುವವಳು.

"ಅದಲ್ಲ ಕಣವ್ವ, ಇದು ಬೇರೆ ಕೋರು. ಡಬ್ಬಿಯೊಳಗಿರ್ತದೆ" ಎಂದೆ.

"ಎಲ್ಲಿದ್ರೂ ಕೋರು ಕೋರೇ ಕಣ್ಲಾ. ಅದಿನಾರ್ ಜನ ಗೇಯ್ತಾರೆ ಅಂದ್ರೆ ಅದಿನಾರ್ ಪಾಲು ಕೇಳ್ತಾರೆ. ಯಜಮಾನಂಗೆ ಉಳ್ಯೋದು ಬರೀ ಉಲ್ಲು!"

ವಿಜ್ಞಾನ ತಿಳಿಯದವರ ಮೇಲೆ ನನಗೆ ಯಾವಾಗಲೂ ಕರುಣೆ. ನಕ್ಕು, ಪಟ್ಟಿಯಲ್ಲಿ ಹದಿನಾರು ಕೋರು ಎಂದು ಬರೆದುಕೊಂಡೆ.

ಮಂಗಳವಾರ ಮಂಡ್ಯಕ್ಕೆ ಹೋದೆ. ದನ ಕೊಳ್ಳುವಾಗ ಬಾಯಿ ತೆಗೆಸಿ ಹಲ್ಲು ನೋಡುವ ವಂಶದಲ್ಲಿ ಹುಟ್ಟಿದವನು ನಾನು, ಅಂಗಡಿಯವನು ಹೇಳಿದ್ದನ್ನು ನಂಬಿ ತರುವ ಪೈಕಿಯಲ್ಲ. ಪ್ರೊಸೆಸರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಬಿಚ್ಚಿ ತಂದಿದ್ದ ಹಳೆಯದರ ಅಡಿಯಲ್ಲಿ ಸೂಜಿಯಂಥ ನೂರಾರು ಕಾಲುಗಳಿದ್ದವು. ಇದರಲ್ಲಿ ಒಂದೂ ಇರಲಿಲ್ಲ!

"ಏನ್ರೀ, ಕಾಲೆಲ್ಲ ಉದುರಿಹೋದ ಮಾಲನ್ನ ನಂಗೆ ಕಟ್ತಿದ್ದೀರಾ?" ಎಂದು ಅಂಗಡಿಗೆಲ್ಲ ಕೇಳುವಂತೆ ಗದರಿದೆ. ನಾಲ್ಕು ಗಿರಾಕಿಗಳು ತಿರುಗಿ ನೋಡಿದರು.

"ಸಾರ್, ಇದ್ರಲ್ಲಿ ಕಾಲು ಬೋರ್ಡ್ ಕಡೆ ಇರ್ತವೆ" ಎಂದ ಅಂಗಡಿಯವನು ಮೆಲ್ಲಗೆ. "ನಿಮ್ಮ ಹಳೇ ಬೋರ್ಡಿಗೆ ಇದು ಕೂರಲ್ಲ. ಬೋರ್ಡೂ ಹೊಸದು ಬೇಕು. ಬಿಸಿ ಎಳ್ಕೊಳ್ಳೋಕೆ ಮೇಲೆ ಕೂರ್ಸೋ ಕೂಲರ್ರೂ ಬೇಕು."

"ನಂಗೆ ಗೊತ್ತು. ನಿಮ್ಮನ್ನ ಪರೀಕ್ಷೆ ಮಾಡ್ದೆ" ಎಂದೆ. ನಾಲ್ವರೂ ಗಿರಾಕಿಗಳು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜಗಳು ಅಲ್ಲಾಡುತ್ತಿದ್ದವು.

"ಜೋಡ್ಸಿ ಕೊಡ್ಲಾ ಸಾರ್?"

"ಬೇಡ, ನಾನು ಸೈನ್ಸ್ ಮೇಷ್ಟ್ರು."

"ಹಂಗಾರೆ ಆ ಕೂಲರ್ ಅಡೀಲಿರೋ..." ಎಂದು ಅವನು ಏನೋ ಹೇಳಲು ಹೊರಟ. ನನಗೆ ಮದ್ದೂರಿನ ಬಸ್ಸು ಕಂಡಿತು. ಓಡಿದೆ. ಕಿಟಕಿ ಪಕ್ಕದ ಸೀಟೂ ಸಿಕ್ಕಿತು!

ಬುಧವಾರ ಜೋಡಣೆಯ ಮಹಾಕಾರ್ಯ. ಒಂದು ತಿರುಪೂ ಮಿಗದಂತೆ ಜೋಡಿಸಿದೆ. ಪ್ರೊಸೆಸರಿನ ಮೇಲೆ ಶಾಖ ದಾಟಿಸುವ ಪೇಸ್ಟನ್ನು ದೋಸೆಗೆ ಬೆಣ್ಣೆ ಸವರಿದಂತೆ ಸವರಿದೆ. ಅದರ ಮೇಲೆ ಕೂಲರ್ ಕೂರಿಸಬೇಕು. ಕೂಲರಿನ ತಾಮ್ರದ ಅಡಿಗೆ ತೆಳ್ಳಗಿನ ಒಂದು ಪ್ಲಾಸ್ಟಿಕ್ ಕವರು ಅಂಟಿಸಿತ್ತು. ನಮ್ಮ ಮನೆಯಲ್ಲಿ ಹೊಸ ಸಾಮಾನಿನ ಕವರು ಕೀಳುವುದು ಅಪರಾಧ. ಟಿ.ವಿ. ರಿಮೋಟು ಏಳು ವರ್ಷದಿಂದ ಕವರಿನಲ್ಲಿದೆ. ಸ್ಕೂಟರಿನ ಸೀಟು ಬಿಸಿಲಿಗೆ ಚುರುಗುಟ್ಟಿದರೂ ಅದರ ಕವರು ಹಾಗೇ ಇದೆ. ತಾಮ್ರಕ್ಕೆ ಗೀರು ಬೀಳದಿರಲಿ ಎಂದು ಕಂಪನಿಯವರು ತೋರಿದ ಕಾಳಜಿಗೆ ಮನಸ್ಸಿನಲ್ಲೇ ಕೈಮುಗಿದು, ಕವರು ಸಮೇತ ಕೂರಿಸಿ ತಿರುಪು ಬಿಗಿದೆ.

ಸ್ವಿಚ್ ಒತ್ತಿದೆ. ಬಂತು! ಮೊದಲ ಚಿತ್ರ ಒಂದು ನಿಮಿಷದೊಳಗೆ ಮುಗಿಯಿತು. ಎಮ್ಮೆಯ ಕಣ್ಣಿನ ರೆಪ್ಪೆ ಕೂಡ ಎಣಿಸಬಹುದಿತ್ತು. ಪದ್ಮಳ ಕಣ್ಣಲ್ಲಿ ನೀರು. "ರೀ, ನೀವು ಗೆದ್ರಿ!" ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೆಯ ಚಿತ್ರಕ್ಕೆ ಕಂಪ್ಯೂಟರು ಟಪ್ಪೆಂದು ಆರಿಹೋಯಿತು.

ಮತ್ತೆ ಹಾಕಿದೆ. ಮತ್ತೆ ಆರಿತು. ಒಳಗೆ ಕೈಯಿಟ್ಟು ನೋಡಿದರೆ ಕೆಂಡ. ಬಿಸಿಯಾಗುತ್ತಿದೆ ಎಂದು ರೋಗವನ್ನು ಸರಿಯಾಗಿಯೇ ಪತ್ತೆ ಹಚ್ಚಿದೆ. ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆ. ಆರಿತು. ಸುತ್ತ ನೀರು ತುಂಬಿದ ಮೂರು ಮಡಕೆ ಇಟ್ಟೆ. ಆರಿತು. ಒದ್ದೆ ಟವೆಲನ್ನು ಕಂಪ್ಯೂಟರಿನ ತಲೆಯ ಮೇಲೆ ಹೊದಿಸಿದೆ. ಪಕ್ಕದ ಮನೆಯವರು ಬಂದು "ಯಾರ್ಗ್ ಸಾ ಜ್ವರ?" ಎಂದು ವಿಚಾರಿಸಿಕೊಂಡು ಹೋದರು. ಗುರುವಾರ ಬೆಳಿಗ್ಗೆಯ ಹೊತ್ತಿಗೆ ಒಟ್ಟು ಹತ್ತೊಂಬತ್ತು ಚಿತ್ರ ಬಂದಿದ್ದವು. ಎಮ್ಮೆ ಇನ್ನೂ ಕೊಟ್ಟಿಗೆಯಿಂದ ಒಂದು ಕಾಲು ಆಚೆ ಇಟ್ಟಿರಲಿಲ್ಲ.

ಪದ್ಮ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಫೋನ್ ತೆಗೆದು ಮಳವಳ್ಳಿ ಶಿಬಿರದವರ ನಂಬರು ಹುಡುಕತೊಡಗಿದಳು. ಎಂಟು ತಿಂಗಳು ಇವಳು ಅಡುಗೆ, ಶಾಲೆ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದನ್ನು ನಾನು ನೋಡಿದ್ದೆ. ಟವೆಲನ್ನು ಮತ್ತೊಮ್ಮೆ ಒದ್ದೆ ಮಾಡಿ ತಂದು ಹೊದಿಸಿದೆ.

ಅವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಂತ್ಲಾ ನಿನ್ ಅದಿನಾರ್ ಜನ? ಗೇಯ್ಲಿಲ್ವಾ?"

"ಕೈ ಕೊಟ್ಬುಟ್ರು ಕಣವ್ವ."

"ಒಂದೇ ಡಬ್ಬೀಲಿ ಅದಿನಾರ್ ಜನವ ಕೂಡಾಕುದ್ರೆ ದಗೆ ಆಗ್ದೆ ಇನ್ನೇನಾದದು? ಗದ್ದೆ ತುಂಡು ಮಾಡಿ ಒಬ್ಬೊಬ್ಬಂಗೆ ಒಂದೊಂದ್ ತಾಕು ಕೋರಿಗ್ ಕೊಡ್ಲಾ. ಅವ್ರವ್ರ ಮನೇಲಿ ಅವ್ರವ್ರು ಗೇದು ತಂದಾಕ್ತಾರೆ. ಮೂರ್ ದಿನಕ್ಕೆ ನಾಟಿ ಮುಗೀತದೆ."

ನಾನು ನಕ್ಕೆ. ಪದ್ಮ ನಗಲಿಲ್ಲ. ಫೋನನ್ನು ಕೆಳಗಿಟ್ಟಳು.

"ರೀ... ಅತ್ತೆ ಹೇಳೋದು ಸರಿಯಾಗದೆ! ಒಂದೊಂದು ಚಿತ್ರವೂ ಬೇರೆ ಬೇರೆ ತಾನೆ? ಬೇರೆ ಬೇರೆ ಕಂಪ್ಯೂಟರಲ್ಲಿ ಮಾಡ್ಸಿ ಕೊನೇಲಿ ಪೋಣ್ಸಿದ್ರಾಯ್ತು. ದೊಡ್ಡ ಕಂಪನಿಯೋರೂ ಹಿಂಗೇ ಮಾಡೋದು. ಅದಕ್ಕೆ ರೆಂಡರ್ ಫಾರ್ಮ್ ಅಂತಾರೆ."

ಫಾರ್ಮ್ ಎಂದರೆ ಹೊಲ! ಅವ್ವನ ಕೋರಿಗೆ ಇಂಗ್ಲಿಷಿನಲ್ಲಿ ಹೆಸರು ಕೂಡ ಇತ್ತು. ಇದು ನನಗೆ ಮೊದಲೇ ಹೊಳೆದಿತ್ತು ಎಂದು ಹೇಳಲು ಬಾಯಿ ತೆರೆದೆ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ತೆರೆದ ಬಾಯಲ್ಲೇ ಸ್ಕೂಟರಿನ ಕೀ ಎಲ್ಲಿ ಎಂದು ಕೇಳಿದೆ.

ಅರ್ಧ ಗಂಟೆಯಲ್ಲಿ ಸ್ಕೂಟರಿನ ಮೇಲೆ ನಾನು ಮುಂದೆ, ಅವ್ವ ಹಿಂದೆ, ಪೆನ್‌ಡ್ರೈವುಗಳು ಅವಳ ಎಲೆಅಡಿಕೆ ಚೀಲದಲ್ಲಿ. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವನು ನಮ್ಮ ಹಳೆಯದಕ್ಕಿಂತ ಆರು ಪಟ್ಟು ವೇಗದ ಎರಡು ಕಂಪ್ಯೂಟರು ಬಿಟ್ಟುಕೊಟ್ಟ. ಕೊತ್ತತ್ತಿಯಲ್ಲಿ ನನ್ನ ಸಹೋದ್ಯೋಗಿ ಪುಟ್ಟಸ್ವಾಮಿ ಒಂದು ಕೊಟ್ಟರು. ಜೆರಾಕ್ಸ್ ಅಂಗಡಿಯ ನಿಂಗೇಗೌಡನ ಹತ್ತಿರ ಮೂರಿದ್ದವು. ಅವನು ಮಾತ್ರ ವ್ಯವಹಾರಸ್ಥ.

"ಕೋರು ಅಂದ್ಮೇಲೆ ನಂಗೇನವ್ವ ಪಾಲು?"

"ಸಿನ್ಮಾ ಮುಗ್ದ ಮೇಲೆ ನಿನ್ನೆಸ್ರು ಬತ್ತದೆ ಕಣ್ಲಾ."

"ದೊಡ್ಡಕ್ಸರದಲ್ಲಾ?"

"ಎಮ್ಮೆಗಿಂತ ದೊಡ್ಡದಾಗ್ ಬರುಸ್ತೀನಿ, ಮೊದ್ಲು ಮಿಸಿನ್ ಬುಡು!"

ಶುಕ್ರವಾರ ಪೂರ್ತಿ ಅವ್ವ ಒಂದೊಂದು ತಾಕಿಗೂ ಹೋಗಿ ಪರದೆಗೆ ಮೂಗು ತಾಗಿಸಿ, "ಎಮ್ಮೆ ಎಲ್ಲಿಗಂಟ ಬಂತು?" ಎಂದು ವಿಚಾರಿಸಿದಳು. ಎಲ್ಲವೂ ಸುಸೂತ್ರ. ಅಷ್ಟರಲ್ಲಿ ಕೊತ್ತತ್ತಿಯಿಂದ ಪುಟ್ಟಸ್ವಾಮಿಯವರ ಫೋನು.

"ಸಾರ್, ನಮ್ಮನೇಲಿ ಎಮ್ಮೆ ಗುಲಾಬಿ ಬಣ್ಣ ಆಗ್ ಬತ್ತಾ ಅದೆ. ಇಂಗೇ ಇರ್ಬೇಕಾ?"

"ಹೌದು ಸಾರ್, ಅದು ಕಲೆ. ಎಮ್ಮೆಗೆ ನಾಚಿಕೆಯಾಗಿರೋ ಸನ್ನಿವೇಶ" ಎಂದೆ ಧೈರ್ಯವಾಗಿ.

ಪದ್ಮ ಫೋನ್ ಕಿತ್ತುಕೊಂಡಳು. ಬಣ್ಣದ ಫೈಲುಗಳಿದ್ದ ಫೋಲ್ಡರನ್ನು ಕೊತ್ತತ್ತಿಯ ಪೆನ್‌ಡ್ರೈವಿಗೆ ಹಾಕಲು ನಾನು ಮರೆತಿದ್ದೆ. ನಾಚಿಕೆಯಾಗಬೇಕಾದವನು ಎಮ್ಮೆಯಲ್ಲ, ಬೇರೆ ಇದ್ದ. ಬಿಸಿಲಲ್ಲಿ ಕೊತ್ತತ್ತಿಗೆ ಮತ್ತೊಂದು ಸವಾರಿ. ಅಲ್ಲಿಯ ಪಾಲಿನಲ್ಲಿ ಅರ್ಧವನ್ನು ಸ್ಟುಡಿಯೋದವನು ಹೆಗಲ ಮೇಲೆ ಹಾಕಿಕೊಂಡ. ಕೋರಿನಲ್ಲಿ ಇದಕ್ಕೂ ಪದ್ಧತಿ ಇದೆಯಂತೆ.

ಶನಿವಾರ ಮಧ್ಯಾಹ್ನಕ್ಕೆ ಎಲ್ಲರ ಚಿತ್ರಗಳೂ ಬಂದು ಸೇರಿದವು. ಸಿನಿಮಾ ಮುಗಿದ ಮೇಲೆ ಬರುವ ಹೆಸರುಗಳ ಚಿತ್ರಗಳೂ ಸ್ಟುಡಿಯೋದಲ್ಲೇ ಮುಗಿದವು. ಪದ್ಮ ನಿಟ್ಟುಸಿರು ಬಿಟ್ಟು, ಮೊದಲ ಬಾರಿಗೆ ನನ್ನ ಯಂತ್ರದ ಮುಚ್ಚಳ ಬಿಚ್ಚಿ, ಕೂಲರ್ ಎತ್ತಿದಳು.

"ರೀ, ಇದೇನ್ರೀ?"

ಎರಡು ಬೆರಳಿನಲ್ಲಿ ಪ್ಲಾಸ್ಟಿಕ್ ಕವರು ನೇತಾಡುತ್ತಿತ್ತು. ಹಾಕುವ ಮುಂಚೆ ಇದನ್ನು ಕಿತ್ತುಹಾಕಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ, ಕೆಂಪಕ್ಷರದಲ್ಲಿ, ಬರೆದಿತ್ತು. ಲೋಹ ಶಾಖದ ವಾಹಕ, ಪ್ಲಾಸ್ಟಿಕ್ ಅವಾಹಕ, ಸೂಕ್ತ ಉದಾಹರಣೆ ಕೊಡಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳನ್ನು ಕೇಳುತ್ತಿದ್ದೇನೆ. ಇಷ್ಟು ಸೂಕ್ತ ಉದಾಹರಣೆಯನ್ನು ಒಂದು ಮಗುವೂ ಕೊಟ್ಟಿರಲಿಲ್ಲ.

ಪದ್ಮ ನಕ್ಕಳು. ಮೂರು ದಿನದ ಮೇಲೆ ನಕ್ಕಳು. ಕವರು ಕಿತ್ತು, ಹೊಸದಾಗಿ ಪೇಸ್ಟ್ ಸವರಿ ಕೂರಿಸಿದಳು. "ಇರ್ಲಿ ಬಿಡಿ. ಹೆಸರುಗಳಾದ ಮೇಲಿನ ಕೊನೇ ನೂರಿಪ್ಪತ್ತು ಚಿತ್ರ ಉಳ್ದವೆ. ನಿಮ್ಮ ಹದಿನಾರು ಜನಕ್ಕೂ ಒಂದು ತಾಕು ಕೊಡ್ತೀನಿ" ಎಂದಳು.

ನೂರಿಪ್ಪತ್ತು ಚಿತ್ರ. ಒಂದೇ ನಿಮಿಷ! ಬೀದಿಗೆ ಕೇಳುವಂತೆ ಕೂಗಿದೆ. ನನ್ನ ಆಯ್ಕೆ ತಪ್ಪಲಿಲ್ಲ, ತಪ್ಪಿದ್ದು ಬರೀ ಒಂದು ಕವರು!

ಭಾನುವಾರ ಮಳವಳ್ಳಿಯ ಸಭಾಂಗಣ ಭರ್ತಿ. ಇನ್ನೂರು ಮಕ್ಕಳು. ಎಮ್ಮೆ ನಾಲೆಯ ಏರಿಗೆ ಬಂದು ನೀರಲ್ಲಿ ತನ್ನ ಮುಖ ನೋಡಿ ಬೆಚ್ಚಿ ಹಿಂದೆ ಸರಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಅದು ಕಣ್ಣು ಮುಚ್ಚಿಕೊಂಡು ಧುಮುಕಿದಾಗ ಬೆಂಚಿನ ಮೇಲೆ ಹತ್ತಿ ಕೂಗಿದರು. ನಿಂಗೇಗೌಡನ ಹೆಸರು ಬಂದಾಗ ನಿಂಗೇಗೌಡನೇ ಸಿಳ್ಳೆ ಹೊಡೆದ. ಪದ್ಮಳನ್ನು ಮಕ್ಕಳು ಮುತ್ತಿಕೊಂಡರು. ಅವಳ ಮುಖ ನೋಡಿ ನನ್ನ ಎದೆ ತುಂಬಿಬಂತು. ಅಷ್ಟು ಹೆಮ್ಮೆ ನನಗೆ ನನ್ನ ಬಗ್ಗೆ ಕೂಡ ಎಂದೂ ಆಗಿಲ್ಲ, ಅದು ಸಣ್ಣ ಮಾತಲ್ಲ!

ಅವ್ವ ನನ್ನ ಪಕ್ಕೆ ತಿವಿದಳು. "ಇದ್ರಲ್ಲಿ ನಿನ್ ಅದಿನಾರ್ ಜನ ಗೇದಿದ್ದು ಯಾವ್ದ್ಲಾ?"

"ಈಗ ಬತ್ತದೆ ನೋಡವ್ವ."

ಕೊನೆಯ ಹೆಸರು ಮೇಲೆ ಸರಿದು ಹೋಯಿತು. ಪರದೆ ಪೂರ್ತಿ ಕಪ್ಪಾಯಿತು. ಐದು ಸೆಕೆಂಡು, ನೂರಿಪ್ಪತ್ತು ಚಿತ್ರ, ಅಚ್ಚ ಕಪ್ಪು. ನಾನು ಎದ್ದು ನಿಂತೆ. "ಇದೇ ಅವ್ವ! ನೋಡು ಎಷ್ಟು ಚೆನ್ನಾಗಿ ಬಂದದೆ! ಎಲ್ಲಾದ್ರೂ ಒಂದು ಬಿಳೀ ಚುಕ್ಕೆ ಅದಾ?"

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಕರೆಂಟು ಓಯ್ತು ಕಣ್ರೋ, ಏಳಿ ಏಳಿ, ಬಸ್ಸಿಗೋಗವ!"