ಈ ಏಡು ಗ್ಯಾರಂಟಿ

"ಹೊಸತೊಡಕಿಗೆ ನಿಮ್ಮಣ್ಣ ಬರೋ ಹೊತ್ತಿಗೆ ನಿನ್ನ ಪಾತ್ರೆ ಸ್ಟ್ಯಾಂಡು ಅಡುಗೆಮನೆ ಗೋಡೆ ಮೇಲೆ ಇಲ್ಲದಿದ್ರೆ, ನಾನು ಮೀಸೆ ಬೋಳಿಸ್ತೀನಿ!" ಎಂದು ನಾನು ಘೋಷಿಸಿದೆ.

ನನ್ನ ಧರ್ಮಪತ್ನಿ ಉಮಾಮಹೇಶ್ವರಿ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ, "ಮೀಸೆ ಎಲ್ಲಿದೆ?" ಎಂದಳು.

ಇರಲಿಲ್ಲ, ನಿಜ. ಆದರೆ ಭೀಷಣ ಪ್ರತಿಜ್ಞೆಗಳಿಗೆ ಇಂಥ ಸಣ್ಣಪುಟ್ಟ ಕೊರತೆ ಅಡ್ಡ ಬರಬಾರದು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಕೆ.ಜಿ.ಎಫ್.ನ ಕಾರ್ಖಾನೆಗೆ ವರ್ಗವಾಗಿ ಬಂದು, ಉರಿಗಾಂನ ಹಳೇ ಬಾಡಿಗೆ ಮನೆಯೊಂದನ್ನು ಸೇರಿಕೊಂಡಿದ್ದೆ. ಉಮಾಳ ತವರಿನ ಪಾತ್ರೆಗಳೆಲ್ಲ ಇನ್ನೂ ಗೋಣಿಚೀಲದಲ್ಲೇ ಇದ್ದವು. ಒಂದು ಲೋಟ ಬೇಕಾದರೂ ಅವಳು ಮೊಣಕೈವರೆಗೆ ಚೀಲದೊಳಗೆ ಕೈಬಿಟ್ಟು ತಡಕಬೇಕು. ಹಿಂದಿನ ಸಲ ಬಂದಿದ್ದ ಅವಳಣ್ಣ ಚೆನ್ನಕೇಶವ ಇದನ್ನು ನೋಡಿ, "ಭಾವನೋರೆ, ನಿಮ್ಮ ಕೈಲಾಗಲ್ಲ ಅಂದ್ರೆ ಸಂಕೋಚ ಬೇಡ. ಹೊಸತೊಡಕಿಗೆ ಬರುವಾಗ ನಮ್ಮೂರ ಆಚಾರೀನೇ ಕರ್ಕೊಂಡು ಬರ್ತೀನಿ" ಎಂದುಬಿಟ್ಟಿದ್ದ. ನನ್ನ ಮನೆಗೋಡೆಗೆ ಮೊಳೆ ಹೊಡೆಯಲು ಭಾವನ ಊರಿನ ಆಚಾರಿ! ಇದಕ್ಕಿಂತ ನನ್ನ ತಲೆಗೇ ಮೊಳೆ ಹೊಡೆದಿದ್ದರೆ ವಾಸಿಯಿತ್ತು.

ಗೋಡೆಯೇನೂ ಸಾಮಾನ್ಯದ್ದಲ್ಲ. ಬಿಳಿಯರ ಕಾಲದ ಕಲ್ಲುಗೋಡೆ. ಮೊಳೆ ಹೊಡೆದರೆ ಮೊಳೆಯೇ ನಮಸ್ಕಾರ ಮಾಡಿ ಬಾಗುತ್ತಿತ್ತು. ಡ್ರಿಲ್ಲು ಬೇಕು. ಆದರೆ ಅಡುಗೆಮನೆಯಲ್ಲಿ ಪ್ಲಗ್ಗಿಲ್ಲ, ಊರಿನಲ್ಲಿ ಕರೆಂಟಿಲ್ಲ. ಹಾಗಾಗಿ ಬಂಗಾರಪೇಟೆಯ ಸ್ಟೇಷನ್ ಹತ್ತಿರ ಆಂಜಿನಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಕಣ್ಣಿಗೆ ಬಿದ್ದಾಗ ನನಗೆ ರೋಮಾಂಚನವಾಯಿತು. ವೈರಿಲ್ಲದ ಡ್ರಿಲ್ಲು! ಬ್ಯಾಟರಿಯದು! ಫಾರಿನ್ ಮಾಲು, ಮದ್ರಾಸಿನಿಂದ ಬಂದದ್ದು. ಯಾವಾಗ ಬಂದದ್ದು ಎಂಬುದನ್ನು ಡಬ್ಬದ ಮೇಲಿನ ಧೂಳೇ ಹೇಳಬೇಕಿತ್ತು.

"ಹಳೇ ಸ್ಟಾಕಾ?" ಎಂದೆ.

"ಅಳೇ ಸ್ಟಾಕು ಕಣ್ ಸಾ, ಅದ್ಕೇ ಗಟ್ಟಿ" ಎಂದ ಆಂಜಿನಪ್ಪ.

"ಬ್ಯಾಟರಿಗೆ ಗ್ಯಾರಂಟಿ ಎಷ್ಟು?"

ಆಂಜಿನಪ್ಪ ಡಬ್ಬ ಒರೆಸುತ್ತಾ, ಮನೆಮಾತು ತೆಲುಗಿನಲ್ಲಿ, "ಈ ಏಡು" ಎಂದ.

ಬೇರೆಯವನಾಗಿದ್ದರೆ ಅರ್ಥವಾಗದೆ ಪೆಚ್ಚಾಗುತ್ತಿದ್ದ. ನಾನೋ, ಬಂದ ಹೊಸದರಲ್ಲೇ ತೆಲುಗು ಕಲಿತವನು! ಗುರುಕುಲ ನಮ್ಮ ಹಿತ್ತಿಲ ಗೋಡೆಯ ಆಚೆ. ಪಕ್ಕದ ಮನೆಯ ಕದಿರಮ್ಮ ದಿನಾ ಬೆಳಿಗ್ಗೆ ಮೊಮ್ಮಗನಿಗೆ, "ಏಡು! ಇಂಕಾ ಏಡು!" ಎಂದು ಗದರುವುದು ಕೇಳುತ್ತಿತ್ತು. ಏಡು ಅಂದರೆ ಏಳು, ಇಂಕಾ ಅಂದರೆ ಇನ್ನೂ. ಏಳರ ಮಗ್ಗಿ ಹೇಳಿಕೊಡುತ್ತಿದ್ದಾಳೆ ಎಂದು ನಾನು ಕೂಡಲೇ ಊಹಿಸಿದ್ದೆ. ಹುಡುಗನೂ ಗೊಳೋ ಎಂದು ಅಳುತ್ತಿದ್ದ. ಏಳರ ಮಗ್ಗಿ ಯಾರನ್ನು ತಾನೇ ಅಳಿಸಿಲ್ಲ?

ಅಂದರೆ ಏಳು ವರ್ಷ ಗ್ಯಾರಂಟಿ! ಆಂಜಿನಪ್ಪನಿಗೆ ತನ್ನ ತಪ್ಪು ಗೊತ್ತಾಗುವ ಮೊದಲೇ ಡಬ್ಬ ಬಗಲಿಗೆ ಸಿಕ್ಕಿಸಿಕೊಂಡು ರೈಲು ಹತ್ತಿದೆ. ಮರುದಿನ ಕ್ಯಾಂಟೀನಿನಲ್ಲಿ ಅದೇ ಸುದ್ದಿ. "ಏಳು ವರ್ಷ ಕಣ್ರೀ! ಭಾಷೆ ಬಲ್ಲವನಿಗೆ ಮಾತ್ರ!" ಎಂದು ಎದೆ ತಟ್ಟಿಕೊಂಡೆ.

ಮನೆಯಲ್ಲಿ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟೆ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು.

"ಕರೆಂಟಿಲ್ದೆ ಓಡೋ ಮಿಷನ್ನು ಅಂದ್ರಿ?"

"ಹೌದು, ಕರೆಂಟಿಲ್ಲದೆ ಓಡುತ್ತೆ. ಕರೆಂಟು ಕುಡಿದ ಮೇಲೆ."

"ಓಹೋ. ಕುಡಿದ ಮೇಲೆ ಓಡೋ ಗಂಡಸರನ್ನ ನೋಡಿದ್ದೆ, ಮಿಷನ್ ನೋಡಿರ್ಲಿಲ್ಲ."

ಯುಗಾದಿಯ ದಿನ ಹೋಳಿಗೆ ಊಟ ಮುಗಿಸಿ, ಸ್ಟೂಲು ಹತ್ತಿ, ಡ್ರಿಲ್ಲನ್ನು ಗಾಂಡೀವದಂತೆ ಎತ್ತಿ ಹಿಡಿದೆ. ಗುಂಡಿ ಒತ್ತಿದೆ. ಗಿರ್ರ್ರ್! ಏನು ಆ ಘೋಷ! ಕಲ್ಲುಗೋಡೆಯಿಂದ ಪುಡಿ ಉದುರಿತು. ಅರ್ಧ ತೂತಾಯಿತು. ಅಷ್ಟರಲ್ಲಿ ಗಿರ್ರ್ ಎನ್ನುವುದು ಗುರ್ ಆಯಿತು, ಗುರ್ ಎನ್ನುವುದು ಉಸ್ಸ್ ಆಯಿತು. ಬ್ಯಾಟರಿ ಸತ್ತಿತು. ಕಲ್ಲಿನೊಳಗೆ ಸಿಕ್ಕಿಕೊಂಡ ಬಿಟ್ಟು, ಅದೇ ಆ ಕೊರೆಯುವ ಮೊನೆ, ಗೋಡೆಯನ್ನು ಬಿಟ್ಟು ಬರಲೊಲ್ಲದು! ಎಳೆದೆ, ಜಗ್ಗಿದೆ, ಜೋತುಬಿದ್ದೆ. ಸ್ಟೂಲು ಜಾರಿತು. ನಾನು ಕೆಳಗೆ, ಡ್ರಿಲ್ಲು ಮೇಲೆ.

ಉಮಾ ಓಡಿ ಬಂದಳು. ಗೋಡೆಯಿಂದ ಚಾಚಿಕೊಂಡಿದ್ದ ಡ್ರಿಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ತರಕಾರಿ ಚೀಲವನ್ನು ಡ್ರಿಲ್ಲಿಗೆ ನೇತುಹಾಕಿ ಹೊರಟುಹೋದಳು.

ಮಾರನೆಯ ದಿನವೇ ಹೊಸತೊಡಕು. ಮಧ್ಯಾಹ್ನಕ್ಕೆ ಭಾವ, ಜೊತೆಗೆ ಆಚಾರಿ. ನಾನು ಡ್ರಿಲ್ಲಿನ ಬುಡದಿಂದ ಬ್ಯಾಟರಿಯನ್ನು ಮಾತ್ರ ಕಳಚಿಕೊಂಡು, ಬೆಳಗಿನ ರೈಲಿಗೇ ಬಂಗಾರಪೇಟೆಗೆ ಧಾವಿಸಿದೆ.

"ಏನ್ರೀ ಆಂಜಿನಪ್ಪ, ಏಳು ವರ್ಷ ಗ್ಯಾರಂಟಿ ಅಂದ್ರಿ, ಏಳು ನಿಮಿಷ ಬರ್ಲಿಲ್ಲ!"

"ಏಳು ವರ್ಸಾನಾ? ಯಾರ್ ಸಾ ಯೋಳಿದ್ದು?"

"ನೀವೇ! ಏಡು ಅನ್ನಲಿಲ್ವಾ?"

ಆಂಜಿನಪ್ಪ ತೊಡೆ ತಟ್ಟಿ ನಕ್ಕ. "ನಾನಂದಿದ್ದು *ಈ ಏಡು* ಕಣ್ ಸಾ! ಈ ಏಡು ಅಂದ್ರೆ ಈ ವರ್ಸ. ನಿನ್ನೆ ಉಗಾದಿ ಆಯ್ತಲ್ಲ, ಆ ವರ್ಸ ಓಯ್ತು, ಗ್ಯಾರಂಟಿನೂ ಓಯ್ತು. ಬ್ಯಾಟ್ರಿ ಅನ್ನೋದು ಕುಂತಲ್ಲೇ ಮುದ್ಕ ಆಯ್ತದೆ, ನಾನೇನ್ ಮಾಡ್ಲಿ?"

ರೈಲಿಗೆ ಕಾಯುತ್ತಿದ್ದವರು ಒಬ್ಬೊಬ್ಬರೇ ಅಂಗಡಿ ಮುಂದೆ ಜಮಾಯಿಸಿದರು. ನನ್ನ ಕಣ್ಣ ಮುಂದೆ ಉಳಿ ಮಸೆಯುತ್ತಿರುವ ಆಚಾರಿ ಬಂದು ನಿಂತ. ಅದೇ ಗಳಿಗೆಯಲ್ಲಿ ನನ್ನ ಬುದ್ಧಿಯೂ ಮಿಂಚಿತು ನೋಡಿ!

"ಆಂಜಿನಪ್ಪ, ಇವತ್ತು ಯಾವ ಏಡು?"

"ಈ ಏಡೇ."

"ಗ್ಯಾರಂಟಿ ಯಾವ ಏಡು ಅಂದ್ರಿ?"

"ಈ ಏಡು."

"ಮತ್ತೆ ತೆಗೀರಿ ಬ್ಯಾಟರಿ! ನಾನು ಯಾವತ್ತು ಬಂದು ಕೇಳಿದ್ರೂ ಅವತ್ತು ಈ ಏಡೇ ಆಗಿರುತ್ತೆ!"

ಜನ ಹೋ ಎಂದರು. ಆಂಜಿನಪ್ಪನಿಗೋ, ಹೊಸತೊಡಕಿನ ದಿನ ಏನಾಗುತ್ತದೋ ವರ್ಷವಿಡೀ ಅದೇ ಆಗುತ್ತದೆ ಎಂಬ ಭಯ ಬೇರೆ. "ಇವತ್ತು ಜಗಳ ಆಡಿದ್ರೆ ನಾಳೆಯಿಂದ ದಿನಾ ಬರ್ತೀನಿ" ಎಂದು ನಾನು ಸೇರಿಸಿದ ಮೇಲೆ ಅವನು ಗೊಣಗುತ್ತಾ ಅಟ್ಟದಿಂದ ಇನ್ನೊಂದು ಬ್ಯಾಟರಿ ಇಳಿಸಿದ. ಅದೇ ಧೂಳು, ಅದೇ ಡಬ್ಬ, ಸತ್ತದ್ದರ ಅವಳಿ ತಮ್ಮ.

"ಇದಕ್ಕೆಷ್ಟು ಗ್ಯಾರಂಟಿ?" ಬಿಡುವವನೇ ನಾನು?

ಆಂಜಿನಪ್ಪ ನನ್ನ ಮುಖವನ್ನೇ ದುರುದುರು ನೋಡಿ, "ಏಡು!" ಎಂದ.

ಗಮನಿಸಿದಿರಾ? ಈ ಸಲ 'ಈ' ಇಲ್ಲ! ಬರೀ ಏಡು! ಅಂದರೆ ಕೊನೆಗೂ ಏಳು! ವಿಜಯನಗರದ ಸೇನಾಪತಿಯ ಗತ್ತಿನಲ್ಲಿ ಊರಿಗೆ ಮರಳಿದೆ.

ದೇವರ ದಯೆ, ಕರೆಂಟು ಇತ್ತು. ಹೊಸ ಬ್ಯಾಟರಿಗೆ ಕರೆಂಟು ಕುಡಿಸಿ, ಡ್ರಿಲ್ಲಿಗೆ ಹಾಕಿ ಹಿಂದಕ್ಕೆ ತಿರುಗಿಸಿದೆ. ಬಿಟ್ಟು ಗೋಡೆ ಬಿಟ್ಟಿತು! ಸರಸರನೆ ತೂತು ಕೊರೆದು, ಸ್ಕ್ರೂ ಬಿಗಿದು, ಸ್ಟ್ಯಾಂಡು ನಿಲ್ಲಿಸಿದೆ. ಉಮಾ ಗೋಣಿಚೀಲ ಬಿಚ್ಚಿ ತಟ್ಟೆ, ಲೋಟ, ಡಬರಿಗಳನ್ನು ಒಂದೊಂದಾಗಿ ಜೋಡಿಸಿದಳು. ಅವಳ ಮುಖ ಆ ಸ್ಟೀಲಿಗಿಂತ ಹೊಳೆಯುತ್ತಿತ್ತು.

ಮೂಲೆಯ ಕೊನೆಯ ತೂತೊಂದು ಬಾಕಿ. ಗಿರ್ರ್... ಗುರ್... ಉಸ್ಸ್. ಅವಳಿ ತಮ್ಮ ಅಣ್ಣನ ದಾರಿ ಹಿಡಿದ. ಬಿಟ್ಟು ಮತ್ತೆ ಗೋಡೆಯೊಳಗೆ!

ಬಾಗಿಲಲ್ಲಿ ಭಾವ! ನಾನು ತರಕಾರಿ ಚೀಲವನ್ನು ಸರಕ್ಕನೆ ಡ್ರಿಲ್ಲಿಗೆ ನೇತುಹಾಕಿ ಸ್ಟೂಲಿನಿಂದ ಇಳಿದೆ. ಚೆನ್ನಕೇಶವ ಸ್ಟ್ಯಾಂಡನ್ನು ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಲಿಲ್ಲ. "ಪರವಾಗಿಲ್ವೇ ಭಾವನೋರೆ! ಇದೇನಿದು ಮೂಲೇಲಿ?"

"ಚೀಲ ಹಾಕೋ ಗೂಟ. ಫಾರಿನ್ನು."

ಆಚಾರಿಗೆ ಬಾಡೂಟ ತಿನ್ನುವುದನ್ನು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ನಾನು ಎಲೆಯ ಮುಂದೆ ಕೂತು ಬಂಗಾರಪೇಟೆ ವಿಜಯವನ್ನು ಸವಿಸ್ತಾರವಾಗಿ ವರ್ಣಿಸಿ, "ಕಡೆಗೆ ಅವನ ಬಾಯಿಂದಲೇ 'ಏಡು' ಅನ್ನಿಸಿ ಬಂದೆ! ಗೂಟಕ್ಕೂ ಏಳು ವರ್ಷ ಗ್ಯಾರಂಟಿ!" ಎಂದೆ.

ಅಷ್ಟರಲ್ಲಿ ಕದಿರಮ್ಮ ಒಳಗೆ ಬಂದಳು. ಸೊಂಟದ ಮೇಲೆ ಮೊಮ್ಮಗ. ದನಿ ಮಾತ್ರ ಕೇಳಿದ್ದ ಆ ವಿದ್ಯಾರ್ಥಿಯನ್ನು ನಾನು ಕಂಡದ್ದು ಅದೇ ಮೊದಲು. ಹಲ್ಲಿನ್ನೂ ಬಂದಿರಲಿಲ್ಲ. ಇವನಿಗೆ ಏಳರ ಮಗ್ಗಿಯೇ?

"ಕದಿರಮ್ಮ, ಬರೀ 'ಏಡು' ಅಂದ್ರೆ ಏನು?" ಎಂದು ಕೇಳಿದಳು ಉಮಾ.

"ಲೆಕ್ಕ ಮಾಡೋವಾಗ ಏಳು, ಉಗಾದಿಗೆ ವರ್ಸ. ಮಕ ನೋಡ್ಕಂಡು ಯಾರಾನ ಏಡು ಅಂದ್ರೆ, ಅಳು ಅಂತ! ಈ ನನ್ ಮಗಂಗೆ ದಿನಾ ಅದೇ ಅಲ್ವಾ ಅಂತಿರಾದು, ಏಡು, ಇಂಕಾ ಏಡು, ಅಂತ?"

ಭಾವ ಸಾರಿನ ಬಟ್ಟಲಿಗೆ ಮುಖವಿಟ್ಟು ನಗತೊಡಗಿದ. ಉಮಾ ನನ್ನ ಎಲೆಗೆ ಇನ್ನೊಂದು ಸೌಟು ಬಡಿಸಿ, ತುಂಬ ಪ್ರೀತಿಯಿಂದ ಅಂದಳು:

"ರೀ, ಬ್ಯಾಟ್ರಿ ಸತ್ರೆ ಸಾಯ್ಲಿ. ಗ್ಯಾರಂಟಿ ಇರೋವಾಗ್ಲೇ ಅತ್ತುಬಿಡಿ!"